ಬೋಟ್ ಎಂಜಿನ್‌ನ ಚಳಿಗಾಲದ ತಯಾರಿ: ಆ್ಯಂಟಿಫ್ರೀಜ್ ಹಿಂದಿನ ಲೆಕ್ಕ

ಗಾಜಿನ ಬಾಟಲಿಗೆ ಪೂರ್ತಿ ನೀರು ತುಂಬಿ, ಮುಚ್ಚಳ ಬಿಗಿದು ಫ್ರೀಜರ್‌ನಲ್ಲಿಟ್ಟರೆ ಬೆಳಗ್ಗೆ ಹೊತ್ತಿಗೆ ಬಾಟಲಿ ಒಡೆದಿರುತ್ತೆ. ಬಾಟಲಿಯ ಬದಲು ಎರಕದ ಕಬ್ಬಿಣದ ಎಂಜಿನ್ ಬ್ಲಾಕ್ ಇದ್ದರೆ? ಅದೂ ಸೀಳುತ್ತೆ. ಮಲ್ಪೆಯ ಬೋಟಿಗೆ ಈ ಭಯ ಇಲ್ಲ. ಆದರೆ ಅಮೆರಿಕದ ಮಿನ್ನೆಸೋಟ, ಕೆನಡಾದ ಒಂಟಾರಿಯೊ ಕಡೆ ಜನವರಿ ರಾತ್ರಿ -20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದು ಮಾಮೂಲು. ಅಲ್ಲಿ ಬೋಟ್ ಇಟ್ಟುಕೊಂಡವರು ಕೆರೆ ಹೆಪ್ಪುಗಟ್ಟುವ ಮುಂಚೆ ಈ ಕೆಲಸ ಮುಗಿಸಲೇಬೇಕು.

ಕಾರಿಗಿಲ್ಲದ ತೊಂದರೆ ಬೋಟಿಗೇಕೆ? ಕಾರಿನಲ್ಲಿ ಕೂಲೆಂಟ್ ಮುಚ್ಚಿದ ವ್ಯವಸ್ಥೆಯೊಳಗೇ ಸುತ್ತುತ್ತೆ, ಅದರಲ್ಲಿ ಗ್ಲೈಕಾಲ್ ಮೊದಲೇ ಬೆರೆತಿರುತ್ತೆ. ಬಹಳಷ್ಟು ಇನ್‌ಬೋರ್ಡ್ ಬೋಟ್ ಎಂಜಿನ್‌ಗಳು ಹಾಗಲ್ಲ. ಪಂಪು ಕೆರೆಯ ನೀರನ್ನೇ ಎಳೆದು ಬ್ಲಾಕಿನೊಳಗೆ ಹಾಯಿಸಿ, ಎಕ್ಸಾಸ್ಟ್ ಮೂಲಕ ಹೊರಗೆ ಚೆಲ್ಲುತ್ತೆ. ಎಂಜಿನ್ ನಿಲ್ಲಿಸಿದರೂ ಬ್ಲಾಕಿನಲ್ಲಿ ಸ್ವಲ್ಪ ನೀರು ಉಳಿಯುತ್ತೆ. ಹೆಪ್ಪುಗಟ್ಟುವಾಗ ಆ ನೀರಿನ ಗಾತ್ರ ಸುಮಾರು 9% ಹಿಗ್ಗುತ್ತೆ. ಹಿಗ್ಗಲು ಜಾಗವೇ ಇಲ್ಲದಿದ್ದರೆ -22 ಡಿಗ್ರಿಯಲ್ಲಿ ಒತ್ತಡ ಸುಮಾರು 200 ಮೆಗಾಪ್ಯಾಸ್ಕಲ್‌ವರೆಗೂ ಏರಬಹುದು, ಅಂದರೆ ವಾತಾವರಣದ ಒತ್ತಡದ 2000 ಪಟ್ಟು. ಬ್ಲಾಕಿನ ಗೋಡೆ ಅಷ್ಟರವರೆಗೆ ತಡೆಯುವುದಿಲ್ಲ.

ಇನ್ನು ಕೆಮಿಸ್ಟ್ರಿ. ಶುದ್ಧ ನೀರು 0 ಡಿಗ್ರಿಗೆ, ಶುದ್ಧ ಎಥಿಲೀನ್ ಗ್ಲೈಕಾಲ್ ಸುಮಾರು -13 ಡಿಗ್ರಿಗೆ ಗಟ್ಟಿಯಾಗುತ್ತೆ. ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ ಮಾತ್ರ ಸುಮಾರು -37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಗ್ಲೈಕಾಲ್ ಅಣುಗಳು ಮಧ್ಯೆ ಸೇರಿಕೊಂಡು, ನೀರಿನ ಅಣುಗಳು ಸಾಲಾಗಿ ಜೋಡಣೆಯಾಗಿ ಮಂಜುಗಡ್ಡೆ ಕಟ್ಟುವುದನ್ನು ತಡೆಯುತ್ತವೆ.

ಈಗ ಒಂದು ಸಣ್ಣ ಲೆಕ್ಕ ಮಾಡಿ. ಬ್ಲಾಕಿನಲ್ಲಿ 4 ಲೀಟರ್ ನೀರು ಉಳಿದಿದೆ, ಅದಕ್ಕೆ 4 ಲೀಟರ್ 50:50 ಮಿಶ್ರಣ ಸೇರಿತು ಅಂದುಕೊಳ್ಳಿ. ಒಟ್ಟು 8 ಲೀಟರ್‌ನಲ್ಲಿ ಗ್ಲೈಕಾಲ್ ಬರೀ 2 ಲೀಟರ್, ಅಂದರೆ 25%. ರಕ್ಷಣೆ -37ರಿಂದ ಸುಮಾರು -12ಕ್ಕೆ ಬಿತ್ತು! ಅದಕ್ಕೇ ಮೊದಲು ನೀರು ಬಸಿಯಬೇಕು, ಆಮೇಲೆ ಆ್ಯಂಟಿಫ್ರೀಜ್ ತುಂಬಬೇಕು.

ಇನ್ನೊಂದು ಗುಟ್ಟು ಥರ್ಮೋಸ್ಟಾಟ್‌ನಲ್ಲಿದೆ. ಇಂಥ ಎಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ 60–70 ಡಿಗ್ರಿಗೆ ತೆರೆಯುತ್ತೆ. ಎಂಜಿನ್ ತಣ್ಣಗಿರುವಾಗ ಪಂಪಿನ ಮೂಲಕ ಆ್ಯಂಟಿಫ್ರೀಜ್ ಎಳೆಸಿದರೆ, ಅದರಲ್ಲಿ ಬಹುಪಾಲು ಬ್ಲಾಕನ್ನು ಮುಟ್ಟದೆ ನೇರ ಎಕ್ಸಾಸ್ಟ್‌ಗೆ ಹೋಗಬಹುದು. ಹಿಂದೆ ಗುಲಾಬಿ ದ್ರವ ಬಂತು, ಕೆಲಸ ಆಯ್ತು ಅಂತ ಮಾಲೀಕ ಖುಷಿಪಡುತ್ತಾನೆ. ಒಳಗೆ ಕೆರೆ ನೀರು ಹಾಗೇ ಕೂತಿರುತ್ತೆ.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ:

1. ಪೆಟ್ರೋಲಿಗೆ ಸ್ಟೆಬಿಲೈಸರ್ ಬೆರೆಸಿ. ಎಂಜಿನ್‌ಗೆ ಹೊರಗಿನಿಂದ ನೀರು ಕೊಡುತ್ತಾ ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ ಆಯಿಲ್ ಬದಲಿಸಿ.
2. ಬ್ಲಾಕಿನ ಎರಡೂ ಬದಿಯ, ಮ್ಯಾನಿಫೋಲ್ಡ್‌ಗಳ ಡ್ರೈನ್ ಪ್ಲಗ್ ಬಿಚ್ಚಿ. ನೀರು ಬರದಿದ್ದರೆ ಒಳಗೆ ನೀರಿಲ್ಲ ಅಂತಲ್ಲ. ತುಕ್ಕು, ಮರಳು ಕಟ್ಟಿಕೊಂಡಿರಬಹುದು. ತಂತಿ ಹಾಕಿ ಚುಚ್ಚಿ ನೋಡಿ.
3. ಪ್ಲಗ್ ಹಾಕಿ, ಮೇಲಿನ ಹೋಸ್ ಕಳಚಿ ಬ್ಲಾಕಿಗೂ ಮ್ಯಾನಿಫೋಲ್ಡಿಗೂ ಆ್ಯಂಟಿಫ್ರೀಜ್ ನೇರವಾಗಿ ಸುರಿಯಿರಿ.
4. ಡ್ರೈನ್ ಪ್ಲಗ್ ತುಸು ಸಡಿಲಿಸಿ ಒಂದೆರಡು ಹನಿ ತೆಗೆದು, ರಿಫ್ರಾಕ್ಟೋಮೀಟರಿನಲ್ಲಿ ಹೆಪ್ಪುಗಟ್ಟುವ ಬಿಂದು ಅಳೆಯಿರಿ.

ಯಾವ ಗ್ಲೈಕಾಲ್? ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ವಿಷ. ದೇಹದಲ್ಲಿ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಕ್ಯಾಲ್ಸಿಯಂ ಜೊತೆ ಹರಳುಗಟ್ಟಿ ಕಿಡ್ನಿ ಹಾಳುಮಾಡುತ್ತೆ. ವಸಂತದಲ್ಲಿ ಎಂಜಿನ್ ಶುರು ಮಾಡಿದಾಗ ಒಳಗಿನ ದ್ರವವೆಲ್ಲ ಕೆರೆಗೇ ಹೋಗುವ ಸಾಧ್ಯತೆ ಇರುವುದರಿಂದ, ಈ ಕೆಲಸಕ್ಕೆ ವಿಷತ್ವ ತೀರಾ ಕಡಿಮೆ ಇರುವ ಪ್ರೊಪಿಲೀನ್ ಗ್ಲೈಕಾಲ್ ಬಳಸಬೇಕು. ಆಗಲೂ ಹಳೆಯ ದ್ರವವನ್ನು ಬಕೆಟ್ಟಿನಲ್ಲಿ ಹಿಡಿಯುವುದೇ ಸರಿ. ಬಣ್ಣ ನೋಡಿ ಮಾತ್ರ ಆರಿಸಬೇಡಿ. ಬಣ್ಣಕ್ಕೆ ಎಲ್ಲರೂ ಪಾಲಿಸುವ ನಿಯಮವಿಲ್ಲ. ಲೇಬಲ್ ಓದುವಾಗಲೂ ಎಚ್ಚರ: ಕ್ಯಾನ್ ಮೇಲಿನ "-50" ಫ್ಯಾರನ್‌ಹೀಟ್‌ನಲ್ಲಿರುತ್ತೆ, ಅಂದರೆ ಸುಮಾರು -46 ಸೆಲ್ಸಿಯಸ್. ಅದೂ ಸಾಮಾನ್ಯವಾಗಿ ಪೈಪು ಒಡೆಯದಂತೆ ಕಾಯುವ ಮಿತಿ. ದ್ರವ ಅದಕ್ಕಿಂತ ಬಹಳ ಮೊದಲೇ ಐಸ್‌ಕ್ಯಾಂಡಿ ಪುಡಿಯ ಹಾಗೆ ಆಗಿರುತ್ತೆ.

ನಮ್ಮೂರಿನ ಬೈಕು, ಕಾರುಗಳ ಕೂಲೆಂಟ್‌ನಲ್ಲೂ ಇದೇ ಗ್ಲೈಕಾಲ್ ಇದೆ. ಇಲ್ಲಿ ಅದರ ಕೆಲಸ ಕುದಿಯುವ ಬಿಂದು ಏರಿಸುವುದು. ಜೊತೆಗಿರುವ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಮುಂದಿನ ಸಲ ಯಾರಾದರೂ ಅದಕ್ಕೆ ಬರೀ ನಲ್ಲಿ ನೀರು ಸುರಿಯಲು ಹೊರಟರೆ, ಮೇಲಿನ 25%ರ ಲೆಕ್ಕ ಹೇಳಿಕೊಡಿ.