ಹೈಕಮಾಂಡ್ ಪಟ್ಟ ನನಗೆ, ತೀರ್ಮಾನ ಅವರದು

ಪ್ರಶ್ನೆ: ಮದುವೆಯಾಗಿ 11 ವರ್ಷ. ನಮ್ಮ ಮನೆಯವರು ಒಳ್ಳೆಯವರೇ, ಮಾತುಗಾರರು. ನೆಂಟರಿಷ್ಟರ ಮುಂದೆ ನನ್ನನ್ನು ‘ಹೈಕಮಾಂಡ್’, ‘ಹೋಮ್ ಮಿನಿಸ್ಟರ್’ ಅಂತಲೇ ಕರೆಯುತ್ತಾರೆ. ಮೊದಮೊದಲು ನನಗೂ ನಗು ಬರುತ್ತಿತ್ತು. ಈಚೆಗೆ ನಾದಿನಿ ಮಗನ ಫೀಸಿಗೆಂದು 50 ಸಾವಿರ ಕೇಳಿದಾಗ, ‘ನನಗೇನೋ ಕೊಡೋ ಮನಸ್ಸಿದೆ, ಹೈಕಮಾಂಡ್ ಒಪ್ಪಬೇಕಲ್ಲಮ್ಮಾ’ ಅಂದರಂತೆ. ನನಗೆ ಆ ವಿಷಯವೇ ಗೊತ್ತಿರಲಿಲ್ಲ. ಈಗ ನಾದಿನಿ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಇತ್ತ ಸೈಟಿಗೆ ಅಡ್ವಾನ್ಸ್ ಕೊಟ್ಟು ಬಂದ ಮೇಲೆ ನನಗೆ ಹೇಳಿದರು. ಕೇಳಿದರೆ ‘ತಮಾಷೆ ಅರ್ಥ ಆಗಲ್ವಾ?’ ಎನ್ನುತ್ತಾರೆ. ನಾನೇ ಅತಿಯಾಗಿ ಯೋಚಿಸುತ್ತಿದ್ದೇನಾ ಮೇಡಂ?
– ಹೆಸರು ಬೇಡ, ದಾವಣಗೆರೆ

ಉತ್ತರ: ಖಂಡಿತ ಇಲ್ಲ. ‘ಬಾಸ್’, ‘ಸರ್ಕಾರ’, ‘ಹೋಮ್ ಮಿನಿಸ್ಟರ್’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದಲೇ ಬರುತ್ತದೆ. ಸಂಬಳ ತಂದು ಹೆಂಡತಿಯ ಕೈಗಿಟ್ಟು, ಖರ್ಚಿಗೆ ಅವಳನ್ನೇ ಕೇಳುವ ಗಂಡ ಹಾಗೆ ಕರೆದರೆ ಅದರಲ್ಲಿ ಸುಳ್ಳಿಲ್ಲ. ನಿಮ್ಮ ಮನೆಯಲ್ಲಿ ಸೈಟಿನಂಥ ದೊಡ್ಡ ತೀರ್ಮಾನ ನಿಮ್ಮನ್ನು ಕೇಳದೆ ಆಗುತ್ತಿದೆ, ‘ಇಲ್ಲ’ ಅಂದ ಅಪವಾದ ಮಾತ್ರ ನಿಮ್ಮ ತಲೆಗೆ ಬರುತ್ತಿದೆ. ನೋವಾಗದೆ ಇರುತ್ತದೆಯೇ?

ಅವರು ಹೀಗೇಕೆ ಮಾಡುತ್ತಾರೆ ಎಂದೂ ಯೋಚಿಸಿ. ಗೌರಿ ಹಬ್ಬಕ್ಕೆ ಬಾಗಿನ ಕೊಡುವ ಅಣ್ಣ ತಂಗಿಗೆ ‘ಆಗಲ್ಲ’ ಅನ್ನುವುದು ಸುಲಭವಲ್ಲ. ತವರು ಕೈಬಿಟ್ಟಿತು ಎಂದು ಅವಳು ಕಣ್ಣೀರು ಹಾಕಿಯಾಳು ಎಂಬ ಅಂಜಿಕೆ. ಆಗ ಬೇರೆ ಮನೆಯಿಂದ ಬಂದ ಸೊಸೆಯ ಮೇಲೆ ಹೇಳಿ ತಪ್ಪಿಸಿಕೊಳ್ಳುವುದು ಸಲೀಸು. ಅಣ್ಣ ಒಳ್ಳೆಯವನಾಗಿಯೇ ಉಳಿಯುತ್ತಾನೆ, ಅತ್ತಿಗೆ ಕಟುಕಿಯಾಗುತ್ತಾಳೆ. ನಿಮ್ಮವರಲ್ಲಿ ಕೆಟ್ಟತನ ಇರಲಿಕ್ಕಿಲ್ಲ, ಅಳುಕಿದೆ. ಆದರೆ ಅದರ ಬೆಲೆ ತೆರುತ್ತಿರುವವರು ನೀವು.

ಮನೆಯ ಯಜಮಾನಿಕೆಯ ಪಟ್ಟವನ್ನು ಹೆಣ್ಣಿಗೆ ಸರ್ಕಾರವೂ ಕೊಟ್ಟಿದೆ. 2013ರ ಆಹಾರ ಭದ್ರತಾ ಕಾಯ್ದೆಯಡಿ ಕೊಡುವ ಪಡಿತರ ಚೀಟಿಗೆ 18 ತುಂಬಿದ ಹಿರಿಯ ಹೆಣ್ಣುಮಗಳೇ ಕುಟುಂಬದ ಮುಖ್ಯಸ್ಥೆ. ನಮ್ಮ ರಾಜ್ಯದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯೂ ಮನೆಯ ಯಜಮಾನಿಯ ಖಾತೆಗೇ. ಇನ್ನೊಂದು ಕಡೆ, ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ: ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇಷ್ಟು ದುಡಿಯುವವಳಿಗೆ ಮನೆಯ ದುಡ್ಡಿನ ವಿಷಯದಲ್ಲಿ ಮಾತಿರಬೇಕು ಎಂದು ಕೇಳುವುದು ಅತಿಯಾಸೆಯೇನಲ್ಲ.

ಮಾತಿಗೆ ಸಮಯ ನೋಡಿಕೊಳ್ಳಿ. ನೆಂಟರ ಮುಂದೆ ಬೇಡ, ಜಗಳದ ನಡುವೆಯೂ ಬೇಡ. ಭಾನುವಾರ ತಿಂಡಿ ಮುಗಿದು ಇಬ್ಬರೇ ಇದ್ದಾಗ ಹೇಳಿ: ‘ರೀ, ಹೈಕಮಾಂಡ್ ಅನ್ನಿ, ಬೇಜಾರಿಲ್ಲ. ನನ್ನನ್ನು ಕೇಳದೆ ನನ್ನ ಹೆಸರಲ್ಲಿ ಇಲ್ಲ ಅನ್ನಬೇಡಿ.’ ಇಷ್ಟೇ ಸಾಕು. ಹಳೆಯ ದೂರುಗಳನ್ನೆಲ್ಲ ಅವತ್ತೇ ಬಿಚ್ಚಿದರೆ ಈ ಮಾತು ಅವುಗಳಲ್ಲಿ ಕಳೆದುಹೋಗುತ್ತದೆ.

ನಾದಿನಿಗೆ ನಿಜ ಹೇಳಬೇಕಾದವರು ನಿಮ್ಮ ಯಜಮಾನರು. ನೀವಾಗಿ ಹೋಗಿ ವಿವರಿಸಿದರೆ ಅವಳಿಗೆ ಅದು ಸಬೂಬಿನಂತೆ ಕಾಣುತ್ತದೆ. ಅವರೇ ಫೋನ್ ಮಾಡಿ, ‘ನಿಮ್ಮತ್ತಿಗೆಗೆ ವಿಷಯವೇ ಗೊತ್ತಿರಲಿಲ್ಲ, ಆ ಮಾತು ನಂದು’ ಅನ್ನಲಿ. ಅದಕ್ಕೂ ಮೊದಲು ನೀವಿಬ್ಬರೂ ಕೂತು, ಪೂರ್ತಿ ಆಗದಿದ್ದರೂ ಒಂದು ಕಂತಿನ ಫೀಸನ್ನಾದರೂ ಕೊಡಬಹುದೇ ಎಂದು ಲೆಕ್ಕ ಹಾಕಿ.

ಸೈಟಿನ ವಿಷಯದಲ್ಲಿ ತಡ ಮಾಡಬೇಡಿ. ಕರಾರುಪತ್ರ, ಇ-ಖಾತಾ, ಋಣಭಾರ ಪ್ರಮಾಣಪತ್ರ (ಇ.ಸಿ.) ತರಿಸಿಕೊಂಡು ನೀವೂ ಓದಿ. ಅರ್ಥವಾಗದ್ದನ್ನು ವಕೀಲರಿಗೆ ತೋರಿಸಿ. ನೋಂದಣಿಯಲ್ಲಿ ಇಬ್ಬರ ಹೆಸರೂ ಇರಲಿ ಎಂದು ಸಂಕೋಚವಿಲ್ಲದೆ ಕೇಳಿ. ಜಂಟಿ ಖಾತೆ ಇಲ್ಲದಿದ್ದರೆ ಈ ತಿಂಗಳೇ ತೆರೆಯಿರಿ.

ಈ ಪತ್ರ ಓದುತ್ತಿರುವ ಗಂಡಂದಿರಲ್ಲೂ ಒಂದು ವಿನಂತಿ. ತಂಗಿಗೋ ಗೆಳೆಯನಿಗೋ ದುಡ್ಡು ಕೊಡಲು ಆಗದಿದ್ದರೆ, ‘ಈಗ ನನ್ನಿಂದ ಆಗಲ್ಲ’ ಎಂದು ನೀವೇ ಹೇಳಿ. ಹೆಂಡತಿಯ ಹೆಸರು ಹೇಳಬೇಡಿ.