ರೆಕ್ಕೆ ಕಾಣದ ಫ್ಯಾನು

ಠಾಣೆ ನಗರದ ನೌಪಾಡಾದಂತಹ ಜನನಿಬಿಡ ಬಡಾವಣೆಗಳಲ್ಲಿ ಬೇಸಿಗೆಯ ಸೆಕೆಗೆ ಬಿಸಿಲಿನಷ್ಟೇ ಗಾಳಿಯ ತೇವಾಂಶವೂ ಕಾರಣ. ತೇವ ತುಂಬಿದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ. ಫ್ಯಾನು ಕೋಣೆಯ ಉಷ್ಣತೆಯನ್ನು ಇಳಿಸುವುದಿಲ್ಲ. ಮೈಗೆ ಹತ್ತಿಕೊಂಡಿರುವ ತೇವಗಾಳಿಯನ್ನು ಸರಿಸಿ, ಬೆವರು ಆವಿಯಾಗಲು ನೆರವಾಗುತ್ತದೆ. ಆದುದರಿಂದ ಕಡಿಮೆ ವಿದ್ಯುತ್ತಿನಿಂದ ಹೆಚ್ಚು ಗಾಳಿಯನ್ನು ಚಲಿಸುವುದೇ ಉತ್ತಮ ಫ್ಯಾನಿನ ಲಕ್ಷಣ. ‘ಬ್ಲೇಡ್ ಇಲ್ಲದ ಫ್ಯಾನು’ ಎಂದು ಮಾರಾಟವಾಗುವ ಸಾಧನವನ್ನೂ ಇದೇ ಅಳತೆಗೋಲಿನಿಂದ ನೋಡಬೇಕು.

ಕಾರ್ಯವಿಧಾನ

ಈ ಫ್ಯಾನಿಗೆ ರೆಕ್ಕೆಗಳಿಲ್ಲವೆಂಬುದು ಪೂರ್ಣ ಸತ್ಯವಲ್ಲ. ರೆಕ್ಕೆಗಳುಳ್ಳ ಸಣ್ಣ ಚಕ್ರವೊಂದು ಅದರ ಬುಡದಲ್ಲಿ ಅಡಗಿದ್ದು, ಮೋಟಾರಿನ ಬಲದಿಂದ ತಿರುಗುತ್ತದೆ. ಬುಡದ ರಂಧ್ರಗಳ ಮೂಲಕ ಒಳಬಂದ ಗಾಳಿಯನ್ನು ಅದು ಮೇಲಿನ ಟೊಳ್ಳಾದ ಬಳೆಯೊಳಕ್ಕೆ ತಳ್ಳುತ್ತದೆ. ಬಳೆಯ ಒಳ ಅಂಚಿನುದ್ದಕ್ಕೂ ಇರುವ ಕಿರಿದಾದ ಸೀಳಿನಿಂದ ಗಾಳಿಯು ವೇಗವಾಗಿ ಹೊರನುಗ್ಗುತ್ತದೆ. ಬಳೆಯ ಅಡ್ಡಕೊಯ್ತವು ವಿಮಾನದ ರೆಕ್ಕೆಯನ್ನು ಹೋಲುವುದರಿಂದ ಈ ಧಾರೆಯು ಅದರ ಬಾಗಿದ ಮೈಯನ್ನೇ ಅನುಸರಿಸಿ ಸಾಗುತ್ತದೆ. ಇದಕ್ಕೆ ‘ಕೊವಾಂಡ ಪರಿಣಾಮ’ವೆಂದು ಹೆಸರು.

ವೇಗವಾಗಿ ಹರಿಯುವ ಧಾರೆಯು ಬಳೆಯ ಹಿಂದಿನ ಹಾಗೂ ಸುತ್ತಲಿನ ಗಾಳಿಯನ್ನು ತನ್ನೊಡನೆ ಸೆಳೆದೊಯ್ಯುತ್ತದೆ. ಹೀಗಾಗಿ ಮೋಟಾರು ತಳ್ಳಿದ್ದಕ್ಕಿಂತ ಹಲವು ಪಟ್ಟು ಗಾಳಿ ಮುಂದಕ್ಕೆ ಬರುತ್ತದೆ. ಆದರೆ ಇಲ್ಲಿ ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ. ಗಾಳಿಯ ಪ್ರಮಾಣ ಹೆಚ್ಚಿದಂತೆ ಧಾರೆಯ ವೇಗ ತಗ್ಗುತ್ತದೆ.

ಬೆಳವಣಿಗೆ

ಜಪಾನಿನ ತೋಷಿಬಾ ಸಂಸ್ಥೆಯು 1981ರಲ್ಲಿಯೇ ಇಂತಹ ಫ್ಯಾನಿನ ಪೇಟೆಂಟನ್ನು ಸಲ್ಲಿಸಿತ್ತು. ಬ್ರಿಟನ್ನಿನ ಜೇಮ್ಸ್ ಡೈಸನ್ ಅವರ ಸಂಸ್ಥೆಯು ಕೈ ಒಣಗಿಸುವ ಯಂತ್ರವನ್ನು ರೂಪಿಸುತ್ತಿದ್ದಾಗ, ತೆಳುವಾದ ಗಾಳಿಧಾರೆಯು ಸುತ್ತಲಿನ ಗಾಳಿಯನ್ನು ಸೆಳೆಯುವುದನ್ನು ಅಲ್ಲಿನ ತಂತ್ರಜ್ಞರು ಗಮನಿಸಿದರು. ಅದರ ಫಲವಾಗಿ 2009ರಲ್ಲಿ ಬಳೆಯಾಕಾರದ ಫ್ಯಾನು ಮಾರುಕಟ್ಟೆಗೆ ಬಂದಿತು. ಮಕ್ಕಳ ಬೆರಳು ಸಿಲುಕುವ ಭಯವಿಲ್ಲದಿರುವುದು ಮತ್ತು ಬಳೆಯನ್ನು ಸುಲಭವಾಗಿ ಒರೆಸಬಹುದಾಗಿರುವುದು ಇದರ ಅನುಕೂಲಗಳು. ಅಧಿಕ ಬೆಲೆಯೇ ಮುಖ್ಯ ತೊಡಕು.

ಮೋಟಾರಿನ ಮಹತ್ವ

‘ಬ್ಲೇಡ್ ಇಲ್ಲದ’ ಫ್ಯಾನು ಬೇರೆ, ‘ಬ್ರಷ್ ಇಲ್ಲದ’ ಅಥವಾ ಬಿ.ಎಲ್.ಡಿ.ಸಿ. ಮೋಟಾರಿನ ಫ್ಯಾನು ಬೇರೆ. ಎರಡನೆಯದಕ್ಕೆ ಎಂದಿನಂತೆ ರೆಕ್ಕೆಗಳಿರುತ್ತವೆ. ಬದಲಾಗಿರುವುದು ಮೋಟಾರು ಮಾತ್ರ. ಇದರ ತಿರುಗುವ ಭಾಗದಲ್ಲಿ ಶಾಶ್ವತ ಅಯಸ್ಕಾಂತಗಳಿದ್ದು, ಸುರುಳಿಗಳಿಗೆ ಹರಿಯುವ ವಿದ್ಯುತ್ತನ್ನು ಎಲೆಕ್ಟ್ರಾನಿಕ್ ಮಂಡಲವು ನಿಯಂತ್ರಿಸುತ್ತದೆ. ಶಾಖವಾಗಿ ಪೋಲಾಗುವ ವಿದ್ಯುತ್ತು ಇದರಿಂದ ಬಹಳ ಕಡಿಮೆಯಾಗುತ್ತದೆ.

ಇಂತಹ ಸೀಲಿಂಗ್ ಫ್ಯಾನುಗಳನ್ನು ಭಾರತದಲ್ಲಿ ಜನಪ್ರಿಯಗೊಳಿಸಿದ ಸಂಸ್ಥೆಗಳಲ್ಲಿ ಠಾಣೆಗೆ ಸಮೀಪದ ನವಿ ಮುಂಬಯಿಯ ಆಟಂಬರ್ಗ್ ಒಂದು. ಮುಂಬಯಿಯ ಐ.ಐ.ಟಿ.ಯಲ್ಲಿ ವ್ಯಾಸಂಗ ಮಾಡಿದ ಮನೋಜ್ ಮೀನಾ ಮತ್ತು ಸಿಬಬ್ರತ ದಾಸ್ 2012ರಲ್ಲಿ ಇದನ್ನು ಆರಂಭಿಸಿದರು. ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಬಳಸಿದರೆ, ಹೊಸ ಬಗೆಯದು ಪೂರ್ಣ ವೇಗದಲ್ಲಿ ಸುಮಾರು 28 ವ್ಯಾಟ್ ಬಳಸುತ್ತದೆ. ದಿನಕ್ಕೆ 12 ಗಂಟೆ ಓಡುವ ಒಂದು ಫ್ಯಾನಿನಿಂದ ತಿಂಗಳಿಗೆ ಸುಮಾರು 17 ಯೂನಿಟ್ ಉಳಿತಾಯವಾಗುತ್ತದೆ. ವರ್ಷದ ಬಹುಕಾಲ ಫ್ಯಾನು ಬಳಸುವ ಕುಟುಂಬಗಳಿಗೆ ಇದು ಅಲ್ಪವೇನಲ್ಲ.

ಕೊಳ್ಳುವವರ ಗಮನಕ್ಕೆ

2023ರ ಜನವರಿ 1ರಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಪ್ರತಿ ವ್ಯಾಟ್ ವಿದ್ಯುತ್ತಿಗೆ ಫ್ಯಾನು ಎಷ್ಟು ಗಾಳಿಯನ್ನು ಒದಗಿಸುತ್ತದೆ ಎಂಬುದೇ ಈ ಶ್ರೇಣಿಗೆ ಆಧಾರ. ರೆಕ್ಕೆ ಕಾಣುವುದೋ ಇಲ್ಲವೋ ಎಂಬುದಕ್ಕಿಂತ ಈ ಲೆಕ್ಕವನ್ನು ನೋಡಿ ಕೊಳ್ಳುವುದು, ಕೋಣೆಯಿಂದ ಹೊರಡುವಾಗ ಫ್ಯಾನನ್ನು ಆರಿಸುವುದು: ಇವೆರಡೂ ಸೆಕೆಯ ದಿನಗಳಲ್ಲಿ ವಿದ್ಯುತ್ ಬಿಲ್ಲನ್ನು ಹತೋಟಿಯಲ್ಲಿಡುವ ಸುಲಭೋಪಾಯಗಳು.