ಸಾಕುವ ಮನೆಗೂ ಬೇಕು ಸಮಿತಿಯ ಆದೇಶ

ತಾಯಿ ತೀರಿಕೊಂಡಳು, ತಂದೆ ಎತ್ತಲೋ ಹೋದ. ಪಕ್ಕದ ಮನೆಯವರು ಮಗುವನ್ನು ಕರೆದು ಅನ್ನ ಹಾಕಿದರು, ಶಾಲೆಗೆ ಕಳಿಸಿದರು. ಆಮೇಲೆ ಊರ ಹಿರಿಯರು ಕೂತು ಛಾಪಾ ಕಾಗದದ ಮೇಲೆ ‘ಇನ್ನು ಈ ಮಗು ಇವರದು’ ಎಂದು ಬರೆಸಿ ನಾಲ್ವರ ಸಹಿ ಹಾಕಿಸಿದರು. ನಮ್ಮ ಹಳ್ಳಿಗಳಲ್ಲಿ ಇಂಥ ಏರ್ಪಾಡು ಯಾರಿಗೂ ತಪ್ಪೆನಿಸುವುದಿಲ್ಲ. ಆ ಮನೆಯವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಕಾಗದಕ್ಕೆ ಕಾನೂನಿನ ಬೆಲೆ ಇಲ್ಲ. ಅನಾಥ ಅಥವಾ ತೊರೆದುಹೋದ ಮಗುವನ್ನು ವಿಧಿವಿಧಾನ ಮೀರಿ ದತ್ತು ಕೊಟ್ಟರೂ ಪಡೆದರೂ 2015ರ ಬಾಲ ನ್ಯಾಯ ಕಾಯ್ದೆಯ 80ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಒಳ್ಳೆಯದನ್ನು ಮಾಡಲು ಹೋದವರು ಆರೋಪಿಗಳಾಗಿ ನಿಲ್ಲಬಾರದು. ಅದಕ್ಕೆ ಕಾನೂನೇ ಒಂದು ದಾರಿ ತೆರೆದಿಟ್ಟಿದೆ. ಅದರ ಹೆಸರು ಪೋಷಕತ್ವ.

ಪೋಷಕತ್ವ ದತ್ತು ಅಲ್ಲ. ಹೆತ್ತವರ ಆಸರೆ ತಪ್ಪಿದ ಮಗುವನ್ನು, ಪರೀಕ್ಷಿಸಿ ಒಪ್ಪಿದ ಇನ್ನೊಂದು ಕುಟುಂಬದಲ್ಲಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬೆಳೆಸುವ ವ್ಯವಸ್ಥೆ ಅದು. ಅವಧಿ ಒಂದು ವರ್ಷದೊಳಗಿರಬಹುದು. ಅಗತ್ಯವಿದ್ದರೆ ಹದಿನೆಂಟು ತುಂಬುವವರೆಗೂ ಮುಂದುವರಿಸಬಹುದು. ಮಗುವಿನ ಹೆಸರಾಗಲಿ, ಹೆತ್ತವರ ಆಸ್ತಿಯಲ್ಲಿ ಅದಕ್ಕಿರುವ ಹಕ್ಕಾಗಲಿ ಇದರಿಂದ ಬದಲಾಗುವುದಿಲ್ಲ. ಹಾಗೆಯೇ ಸಾಕಿದವರ ಆಸ್ತಿಯಲ್ಲಿ ಅದಕ್ಕೆ ತಾನಾಗಿ ಪಾಲು ಬರುವುದಿಲ್ಲ. ಕೊಡುವ ಮನಸ್ಸಿದ್ದರೆ ವಿಲ್ ಬರೆಯಬೇಕು.

ಇಲ್ಲೊಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಏಕೆಂದರೆ ಚಿತ್ರದುರ್ಗ ಜಿಲ್ಲೆಯ ನಮ್ಮ ತಾಲ್ಲೂಕುಗಳ ಬಹಳಷ್ಟು ಮನೆಗಳಿಗೆ ಪ್ರಯೋಜನವಾಗುವುದು ಇದರಿಂದಲೇ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಗುಳೆ ಹೋಗುವ ಸೀಮೆ ನಮ್ಮದು. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮೊಮ್ಮಗನನ್ನು ಅಜ್ಜಿಯೇ ಕೂಲಿ ಮಾಡಿ ಸಾಕುತ್ತಿರುವ ಮನೆ ಪ್ರತಿ ಹಟ್ಟಿಯಲ್ಲೂ ಕಣ್ಣಿಗೆ ಬೀಳುತ್ತದೆ. ಆ ಅಜ್ಜಿಗೆ ಪೋಷಕತ್ವದ ಅರ್ಜಿ ಬೇಕಿಲ್ಲ. ಅವಳಿಗಾಗಿ ಇರುವುದು ಪ್ರಾಯೋಜಕತ್ವ ಯೋಜನೆ. ಕೇಂದ್ರದ ಮಿಷನ್ ವಾತ್ಸಲ್ಯದಡಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ತಂದೆ ತಾಯಿ ಇಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಗು, ವಿಧವೆಯ ಅಥವಾ ಗಂಡ ಬಿಟ್ಟುಹೋದವಳ ಮಗು, ಪ್ರಾಣಾಂತಿಕ ಕಾಯಿಲೆಗೆ ಬಿದ್ದವರ ಮಗು, ಎಲ್ಲರೂ ಇದಕ್ಕೆ ಅರ್ಹರು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಮಗು ಶಾಲೆಗೆ ಹೋಗುತ್ತಿರಬೇಕು. ಶಾಲೆ ಬಿಡಿಸಿದರೆ ನೆರವೂ ನಿಲ್ಲುತ್ತದೆ. ಬಡತನವೊಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಎಬ್ಬಿಸಿ ಬಾಲಮಂದಿರಕ್ಕೆ ಕಳಿಸುವ ಮೊದಲು ಈ ಹಣವನ್ನು ಕೇಳಿ ಪಡೆಯುವುದು ನ್ಯಾಯ. ಇದು ಯಾರ ದಾನವೂ ಅಲ್ಲ.

ರಕ್ತಸಂಬಂಧವಿಲ್ಲದ ಮಗುವನ್ನು ಸಾಕಲು ಮುಂದೆ ಬರುವವರದು ಪೋಷಕತ್ವದ ದಾರಿ. ಅವರಿಗೂ ಅದೇ 4,000 ರೂಪಾಯಿ. ಅರ್ಜಿ ಹೋಗಬೇಕಾದದ್ದು ಚಿತ್ರದುರ್ಗದಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮೊಳಕಾಲ್ಮೂರಿನವರಿಗೆ ಜಿಲ್ಲಾ ಕೇಂದ್ರ ದೂರ ಎಂಬುದು ನಿಜ. ಹಾಗಾಗಿ ಮೊದಲು ನಿಮ್ಮೂರ ಅಂಗನವಾಡಿ ಕಾರ್ಯಕರ್ತೆಯನ್ನೋ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯನ್ನೋ ವಿಚಾರಿಸಿ, ಯಾವ ಕಾಗದ ಬೇಕೆಂದು ಕೇಳಿಕೊಂಡೇ ಬಸ್ಸು ಹತ್ತಿ. ಗಂಡ ಹೆಂಡತಿ ಇಬ್ಬರೂ ಭಾರತದ ಪ್ರಜೆಗಳಾಗಿರಬೇಕು, ಇಬ್ಬರಿಗೂ ಒಪ್ಪಿಗೆ ಇರಬೇಕು, ಇಬ್ಬರೂ 35 ದಾಟಿರಬೇಕು. ಅಪರಾಧಕ್ಕೆ ಶಿಕ್ಷೆಯಾಗಿರಬಾರದು. ಕ್ಷಯ, ಎಚ್‌ಐವಿ, ಹೆಪಟೈಟಿಸ್ ಬಿ ಸೇರಿದಂತೆ ಮನೆಯವರೆಲ್ಲರ ವೈದ್ಯಕೀಯ ವರದಿ ಕೇಳುತ್ತಾರೆ. ಸಿರಿವಂತರೇ ಆಗಬೇಕೆಂದಿಲ್ಲ, ಮಗುವಿನ ಅಗತ್ಯ ನಡೆಸುವಷ್ಟು ಆದಾಯ, ಅದಕ್ಕೊಂದು ಜಾಗ ಇದ್ದರೆ ಸಾಕು. 2024ರ ಮಾದರಿ ಪೋಷಕತ್ವ ಮಾರ್ಗಸೂಚಿ ಬಂದ ಮೇಲೆ ಒಂಟಿಯಾಗಿರುವವರಿಗೂ, ಅಂದರೆ ಮದುವೆಯಾಗದವರಿಗೆ, ವಿಧವೆ ವಿಧುರರಿಗೆ, ವಿಚ್ಛೇದಿತರಿಗೆ, 35ರಿಂದ 60ರ ವಯಸ್ಸಿನೊಳಗೆ ಅವಕಾಶ ತೆರೆದಿದೆ. ಒಂಟಿ ಹೆಂಗಸು ಗಂಡು ಮಗುವನ್ನೂ ಸಾಕಬಹುದು, ಹೆಣ್ಣು ಮಗುವನ್ನೂ ಸಾಕಬಹುದು. ಒಂಟಿ ಗಂಡಸಿಗೆ ಗಂಡು ಮಗು ಮಾತ್ರ.

ಹಾಲುಗೂಸನ್ನು ಎತ್ತಿಕೊಂಡು ಬರುವ ಆಸೆ ಇಟ್ಟುಕೊಂಡವರಿಗೆ ಮೊದಲೇ ತಿಳಿದಿರಲಿ: ಪೋಷಕತ್ವಕ್ಕೆ ಸಾಮಾನ್ಯವಾಗಿ ಸಿಗುವುದು ಆರು ವರ್ಷ ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ದತ್ತು ಮೂಲಕ ಕಾಯಂ ಮನೆ ಹುಡುಕುವುದೇ ಕಾನೂನಿನ ಇಚ್ಛೆ. ದೊಡ್ಡ ಮಕ್ಕಳನ್ನು ದತ್ತು ಕೇಳುವವರು ಕಡಿಮೆ. ಎಂಟು, ಹತ್ತು, ಹನ್ನೆರಡು ವಯಸ್ಸಿನ ಆ ಮಕ್ಕಳಿಗೆ ತಮಗಾದದ್ದೆಲ್ಲ ನೆನಪಿರುತ್ತದೆ. ಅಂಥ ಮಗು ಮೊದಲ ತಿಂಗಳು ಮಾತಾಡದಿರಬಹುದು, ಸಿಡುಕಬಹುದು. ತಾಳ್ಮೆ ಇದ್ದವರು ಮಾತ್ರ ಇದಕ್ಕೆ ಕೈಹಾಕಬೇಕೆಂದು ನಾನು ಮನಸಾರೆ ಹೇಳುತ್ತೇನೆ.

ಅರ್ಜಿ ಕೊಟ್ಟ ಮೇಲೆ ಘಟಕದ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಮನೆ ಮಂದಿಯನ್ನೆಲ್ಲ ಮಾತಾಡಿಸಿ ವರದಿ ಬರೆಯುತ್ತಾರೆ. ಮಗುವಿನ ಬಗ್ಗೆಯೂ ಬೇರೆ ವರದಿ ಇರುತ್ತದೆ, ಅದರ ಅಭಿಪ್ರಾಯವನ್ನೂ ಕೇಳುತ್ತಾರೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಯೋಜಕತ್ವ ಮತ್ತು ಪೋಷಕತ್ವ ಅನುಮೋದನಾ ಸಮಿತಿ ಹಣಕಾಸಿನ ನೆರವನ್ನು ಒಪ್ಪುತ್ತದೆ. ಮಗುವನ್ನು ಒಪ್ಪಿಸುವ ಆದೇಶ ಮಕ್ಕಳ ಕಲ್ಯಾಣ ಸಮಿತಿಯದು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರಿರುವ ಈ ಸಮಿತಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು. ಅಣ್ಣ ತಂಗಿ, ಅಕ್ಕ ತಮ್ಮಂದಿರಿದ್ದರೆ ಆದಷ್ಟೂ ಒಂದೇ ಮನೆಗೆ ಕಳಿಸಬೇಕು ಎನ್ನುತ್ತದೆ ಕಾಯ್ದೆ. ಮಕ್ಕಳನ್ನು ಬೇರೆ ಬೇರೆ ಮಾಡಲು ಹೊರಟಿದ್ದಾರೆ ಎನಿಸಿದರೆ ಈ ಮಾತನ್ನು ಸಮಿತಿಯ ಮುಂದೆ ಧೈರ್ಯವಾಗಿ ಎತ್ತಿ.

ಮಗು ಮನೆಗೆ ಬಂದ ಮೇಲೆ ಅದರ ಊಟ, ಓದು, ಆರೋಗ್ಯದ ಹೊಣೆ ನಿಮ್ಮದು. ತಿಂಗಳಿಗೊಮ್ಮೆ ತಪಾಸಣೆ ನಡೆಯಬೇಕೆಂಬುದು ಕಾನೂನು. ಬಂದವರನ್ನು ಅನುಮಾನದಿಂದ ನೋಡಬೇಡಿ, ಕಷ್ಟ ಹೇಳಿಕೊಳ್ಳಲು ಅದೇ ಸಮಯ. ಹೆತ್ತವರು ಬದುಕಿದ್ದು ಸದ್ಯಕ್ಕೆ ಸಾಕಲಾಗದ ಸ್ಥಿತಿಯಲ್ಲಿದ್ದರೆ, ಸಮಿತಿ ಬೇಡವೆನ್ನದ ಹೊರತು, ಆಗಾಗ ಬಂದು ಮಗುವನ್ನು ನೋಡುವ ಹಕ್ಕು ಅವರಿಗಿದೆ. ಅವರು ಸುಧಾರಿಸಿಕೊಂಡರೆ ಮಗು ಮರಳಿ ಹೋಗಬಹುದು. ಆ ದಿನಕ್ಕೆ ಮನಸ್ಸು ಸಿದ್ಧವಾಗಿರಬೇಕು. ಹೆತ್ತವರು ಮರಳುವ ದಾರಿಯೇ ಇಲ್ಲದೆ, ಮಗು ಕಾನೂನು ರೀತ್ಯಾ ದತ್ತುವಿಗೆ ಮುಕ್ತವಾದರೆ, ಎರಡು ವರ್ಷ ಸಾಕಿದ ಕುಟುಂಬ ಅದನ್ನು ದತ್ತು ಕೇಳಬಹುದು. ಮೊದಲು ಇದಕ್ಕೆ ಐದು ವರ್ಷ ಕಾಯಬೇಕಿತ್ತು.

ಮೊಳಕಾಲ್ಮೂರಿನ ಮಗ್ಗದ ಮನೆಗಳಿಗೆ ಒಂದು ಮಾತು. ಹದಿನಾಲ್ಕರೊಳಗಿನ ಮಗು ಶಾಲೆ ಮುಗಿಸಿ ಬಂದು ಮನೆಯ ಕಸುಬಿಗೆ ಕೈಜೋಡಿಸಲು ಬಾಲಕಾರ್ಮಿಕ ಕಾಯ್ದೆ ಸ್ವಲ್ಪ ಅವಕಾಶ ಕೊಟ್ಟಿದೆ. ಆದರೆ ಆ ಕಾಯ್ದೆ ‘ಕುಟುಂಬ’ ಎನ್ನುವುದು ತಂದೆ ತಾಯಿ, ಒಡಹುಟ್ಟಿದವರು ಮತ್ತು ತಂದೆ ತಾಯಿಯ ಒಡಹುಟ್ಟಿದವರನ್ನು ಮಾತ್ರ. ಸಾಕುವ ಮನೆ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಸಾಕಲು ತಂದ ಚಿಕ್ಕ ಮಗುವನ್ನು ಕಂಡಿಕೆ ಸುತ್ತಲು ಕೂರಿಸುವುದೂ ಅಪರಾಧವಾಗುತ್ತದೆ. ಸಾಕುತ್ತೇವೆಂದು ಹೇಳಿ ಕರೆದೊಯ್ದು ಪರಊರಿನ ಮನೆಗೆಲಸಕ್ಕೆ ಇಡುವವರ ಬಗ್ಗೆಯೂ ಎಚ್ಚರವಿರಲಿ. ಮಗುವನ್ನು ದುಡಿಮೆಗಾಗಿ ಕಟ್ಟಿಹಾಕಿ ಇಟ್ಟುಕೊಂಡರೆ ಬಾಲ ನ್ಯಾಯ ಕಾಯ್ದೆಯ 79ನೇ ಕಲಂ ಐದು ವರ್ಷದವರೆಗೆ ಕಠಿಣ ಶಿಕ್ಷೆ ಹೇಳುತ್ತದೆ.

ಬಸ್ ನಿಲ್ದಾಣದಲ್ಲೋ ಜಾತ್ರೆಯಲ್ಲೋ ದಿಕ್ಕಿಲ್ಲದ ಮಗು ಸಿಕ್ಕರೆ ಕನಿಕರದಿಂದ ಮನೆಗೆ ಕರೆದುಕೊಂಡು ಹೋಗಿ ಸುಮ್ಮನಿರಬೇಡಿ. ನಾಯಕನಹಟ್ಟಿ ಜಾತ್ರೆಯಂಥ ಜನಸಾಗರದಲ್ಲಿ ಇದು ನೆನಪಿರಬೇಕು. 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೆ, ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಪೋಷಕತ್ವದ ಬಗ್ಗೆ ಸಮಿತಿ ಕೊಟ್ಟ ಆದೇಶ ನಿಮಗೆ ಸರಿಕಾಣದಿದ್ದರೆ 30 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಬಿಳಿ ಹಾಳೆಯ ಅರ್ಜಿ ಬರೆದುಕೊಟ್ಟರಾಯಿತು, ಅಥವಾ 15100ಕ್ಕೆ ಕರೆ ಮಾಡಿ. ಇನ್ನು ಶಾಲೆಯಲ್ಲಿ ಜನನ ಪ್ರಮಾಣಪತ್ರ ಇಲ್ಲವೆಂದು ಮಗುವನ್ನು ಸೇರಿಸಿಕೊಳ್ಳದಿದ್ದರೆ, ವಯಸ್ಸಿನ ದಾಖಲೆಯ ಕೊರತೆಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ಹೇಳುವುದನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿ, ಜೊತೆಗೆ ಸಮಿತಿಯ ಆದೇಶದ ಪ್ರತಿಯನ್ನೂ ಕೊಡಿ.